ಕೊನೇ ರೂಮಿಗೂ ತಂಪು ತಲುಪಬೇಕು: ಒಂದು ಯಂತ್ರ, ಹತ್ತು ಕೋಣೆ, ನೂರು ವರ್ಷದ ಹಂಚಿಕೆ ಲೆಕ್ಕ

ವಿಡಿಯೋ ನೋಡೋಕೆ ಟೈಮ್ ಇಲ್ಲ, ಮೆಟ್ರೋದಲ್ಲಿ ಕೂತು ಓದ್ಕೋತೀವಿ ಅನ್ನೋರಿಗೆ ಈ ಬರಹ. ವಿಡಿಯೋದಲ್ಲಿ ಬೋರ್ಡ್ ಮೇಲೆ ಗೀಚಿ ತೋರಿಸಿದ ಲೆಕ್ಕಗಳನ್ನ ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದ್ದೀನಿ.

ಇವತ್ತಿನ ವಿಷಯ ಎಸಿ. ಒಂದು ಕೋಣೆಗೆ ಒಂದು ಎಸಿ ಅನ್ನೋ ಸರಳ ಕಥೆ ಅಲ್ಲ. ಟೆರೇಸ್ ಮೇಲೆ ಒಂದೇ ಯಂತ್ರ, ಕೆಳಗೆ ಎಂಟೋ ಹತ್ತೋ ಕೋಣೆ. ಒಂದು ಕೋಣೆಯಲ್ಲಿ ಜನ ಶಾಲು ಹೊದ್ದು ಕೂತಿದ್ದಾರೆ, ಪಕ್ಕದ ಕೋಣೆಯಲ್ಲಿ ಫೈಲಿನಿಂದ ಗಾಳಿ ಬೀಸ್ಕೋತಾ ಇದ್ದಾರೆ. ನಮ್ಮಲ್ಲಿ ಬಹುತೇಕರು ಇಂಥ ಆಫೀಸು ನೋಡಿದವರೇ. ಹೀಗಾದಾಗ ಎಲ್ಲರೂ ಕೇಳೋದು, "ಎಷ್ಟು ಟನ್ ಹಾಕಿದ್ದಾರೆ ಇಲ್ಲಿ?" ಟನ್ ಸಾಲದು ಅಂತಲೇ ಮೊದಲ ಅನುಮಾನ. ಆದರೆ ಬಹಳ ಸಲ ಟನ್ ಸಾಕಷ್ಟಿರುತ್ತೆ, ಅದು ಸರಿಯಾದ ಕೋಣೆಗೆ ತಲುಪಿರಲ್ಲ. ತಂಪು ತಯಾರಿಸೋ ಸಮಸ್ಯೆ 1930ರ ಹೊತ್ತಿಗೆ ಹೆಚ್ಚುಕಮ್ಮಿ ಬಗೆಹರಿದಿತ್ತು. ತಂಪನ್ನ ಕೋಣೆಕೋಣೆಗೂ ಅಳೆದು ಹಂಚೋ ಸಮಸ್ಯೆಗೆ ಇನ್ನೂ ಐವತ್ತು ವರ್ಷ ಬೇಕಾಯ್ತು. ಆ ಐವತ್ತು ವರ್ಷದ ಕಥೆ ಗೊತ್ತಿದ್ರೆ, ನಾಳೆ ನೀವು ಫ್ಲ್ಯಾಟ್ ಕೊಳ್ಳುವಾಗ ಬಿಲ್ಡರ್‌ಗೆ ಕೇಳಬೇಕಾದ ಪ್ರಶ್ನೆಗಳೇ ಬದಲಾಗುತ್ವೆ.

ಮೊದಲೇ ಹೇಳಿಬಿಡ್ತೀನಿ, ನಾನು ಎಸಿ ಮೆಕ್ಯಾನಿಕ್ ಅಲ್ಲ. ಸಾಫ್ಟ್‌ವೇರ್‌ನವನು. ಎಂಟೆಕ್‌ನಲ್ಲಿ ಓದಿದ ಕಂಟ್ರೋಲ್ ಥಿಯರಿ ದಿನದ ಕೆಲಸಕ್ಕೆ ಅಷ್ಟಾಗಿ ಬರಲ್ಲ. ಈ ವಿಷಯದಲ್ಲಿ ಮಾತ್ರ ಭರ್ತಿ ಉಪಯೋಗಕ್ಕೆ ಬಂತು.

ಟನ್ ಅಂದ್ರೆ ಏನು?

ಎಸಿ ಅಂಗಡಿಯಲ್ಲಿ "ಒಂದೂವರೆ ಟನ್" ಅಂತೀವಲ್ಲ, ಅದು ಯಂತ್ರದ ತೂಕ ಅಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಅದು ಯಾವುದರ ತೂಕ? ಮಂಜುಗಡ್ಡೆಯದು.

ಯಂತ್ರಗಳು ಬರೋದಕ್ಕೆ ಮುಂಚೆ ತಂಪನ್ನ ಹಡಗಿನಲ್ಲಿ ತರಿಸ್ತಿದ್ರು. ಬಾಸ್ಟನ್‌ನ ಫ್ರೆಡ್ರಿಕ್ ಟ್ಯೂಡರ್ ಅನ್ನೋ ವ್ಯಾಪಾರಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಮಂಜುಗಡ್ಡೆ ಕೊಯ್ಸಿ, 1833ರಲ್ಲಿ ಕಲ್ಕತ್ತಾಗೆ ಹಡಗು ತುಂಬಿ ಕಳಿಸಿದ. ಹೊರಟಾಗ ಸುಮಾರು 180 ಟನ್ ಇದ್ದದ್ದು ನಾಲ್ಕು ತಿಂಗಳ ಪ್ರಯಾಣ ಮುಗಿಯೋ ಹೊತ್ತಿಗೆ ಸುಮಾರು 100 ಟನ್ ಉಳಿದಿತ್ತು. ಆಮೇಲೆ ಬಾಂಬೆ, ಮದ್ರಾಸಿಗೂ ಬಂತು. ಚೆನ್ನೈನಲ್ಲಿರೋರು ಮರೀನಾ ಎದುರಿಗಿರೋ ಐಸ್ ಹೌಸ್ ನೋಡಿರ್ತೀರಿ. ಈಗ ಅದು ವಿವೇಕಾನಂದರ್ ಇಲ್ಲಂ. 1897ರಲ್ಲಿ ಸ್ವಾಮಿ ವಿವೇಕಾನಂದರು ಉಳಿದುಕೊಂಡಿದ್ದ ಕಟ್ಟಡ. ಅದನ್ನ ಮೂಲತಃ ಕಟ್ಟಿಸಿದ್ದು ಅಮೆರಿಕದ ಮಂಜುಗಡ್ಡೆ ಇಡೋಕೆ.

ಹಾಗಾಗಿ ಯಂತ್ರ ಬಂದಾಗ ಅದರ ಶಕ್ತಿಯನ್ನ ಮಂಜುಗಡ್ಡೆ ಲೆಕ್ಕದಲ್ಲೇ ಅಳೆದ್ರು. 2000 ಪೌಂಡ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತೋ ಅದು ಒಂದು ಟನ್. ಪೌಂಡಿಗೆ 144 ಬಿಟಿಯು. ಗುಣಿಸಿ, 24ರಿಂದ ಭಾಗಿಸಿ. ಗಂಟೆಗೆ 12,000 ಬಿಟಿಯು, ಅಂದ್ರೆ ಸುಮಾರು 3.5 ಕಿಲೋವ್ಯಾಟ್.

ಈ ಅಳತೆಯಲ್ಲಿ ಒಂದು ಸಣ್ಣ ಮೋಸ ಅಡಗಿದೆ. ಟನ್ ಅನ್ನೋದು ಒಟ್ಟು ಮೊತ್ತ ಮಾತ್ರ. ಯಾವ ಕೋಣೆಗೆ, ಯಾವ ಹೊತ್ತಿಗೆ ಅನ್ನೋದನ್ನ ಅದು ಹೇಳಲ್ಲ. ಕೆರೆ ತುಂಬಿದೆ ಅಂತ ಬೋರ್ಡ್ ಹಾಕಿದ ಹಾಗೆ. ಕೊನೇ ಗದ್ದೆಗೆ ನೀರು ಬಂತಾ ಅನ್ನೋದು ಬೇರೆ ಮಾತು.

ಒಂದು ಹಾಲ್, ಒಂದು ಕಾಯಿಲ್

1902. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಸ್ಯಾಕೆಟ್ ಅಂಡ್ ವಿಲ್ಹೆಲ್ಮ್ಸ್ ಅನ್ನೋ ಮುದ್ರಣಾಲಯ. ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರ್ತಾ ಇರಲಿಲ್ಲ. ವಿಲಿಸ್ ಕ್ಯಾರಿಯರ್ ಅನ್ನೋ ಯುವ ಎಂಜಿನಿಯರ್ ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸಿ, ಗಾಳಿಯ ತೇವವನ್ನ ಹಿಡಿತಕ್ಕೆ ತರೋ ವಿನ್ಯಾಸ ಕೊಟ್ಟ. ದಿನಕ್ಕೆ 1,08,000 ಪೌಂಡ್ ಮಂಜುಗಡ್ಡೆ ಕರಗಿಸಿದಷ್ಟು ತಂಪು, ಅಂದ್ರೆ ಇವತ್ತಿನ ಭಾಷೆಯಲ್ಲಿ 54 ಟನ್. ಗಮನಿಸಿ, ಇದೆಲ್ಲ ಕಾಗದಕ್ಕಾಗಿ, ಮನುಷ್ಯರಿಗಾಗಿ ಅಲ್ಲ. "ಏರ್ ಕಂಡೀಷನಿಂಗ್" ಅನ್ನೋ ಪದ ಹುಟ್ಟಿದ್ದೂ ಬಟ್ಟೆ ಗಿರಣಿಯಿಂದ. 1906ರಲ್ಲಿ ಸ್ಟುವರ್ಟ್ ಕ್ರೇಮರ್ ಅನ್ನೋ ಗಿರಣಿ ಎಂಜಿನಿಯರ್ ಬಳಸಿದ್ದು.

ಆ ತಣ್ಣನೆಯ ಕೊಳವೆಯೇ ಹೀಟ್ ಎಕ್ಸ್‌ಚೇಂಜರ್, ಶಾಖ ವಿನಿಮಯಕ. ಒಳಗೆ ಒಂದು ದ್ರವ, ಹೊರಗೆ ಗಾಳಿ, ಎರಡೂ ಬೆರೆಯಲ್ಲ, ಶಾಖ ಮಾತ್ರ ಲೋಹದ ಮೂಲಕ ದಾಟುತ್ತೆ. ನಿಮ್ಮ ಮನೆ ಎಸಿಯ ಮುಂದಿನ ಪ್ಯಾನೆಲ್ ತೆಗೆದ್ರೆ ಕಾಣೋ ಅಲ್ಯೂಮಿನಿಯಂ ಪದರಗಳು ಅದೇ. ಇನ್ನೊಂದು ಹೊರಗಿರೋ ಡಬ್ಬದಲ್ಲಿದೆ. ಒಳಗಿನದು ಕೋಣೆಯ ಶಾಖ ಹೀರುತ್ತೆ, ಹೊರಗಿನದು ಆ ಶಾಖವನ್ನ ಬೀದಿಗೆ ಬಿಡುತ್ತೆ.

1925ರಲ್ಲಿ ಕ್ಯಾರಿಯರ್ ನ್ಯೂಯಾರ್ಕ್‌ನ ರಿವೋಲಿ ಚಿತ್ರಮಂದಿರಕ್ಕೆ ತಂಪು ಕೊಟ್ಟ. ಅಲ್ಲಿಂದ ಸಿನಿಮಾ ಮಂದಿರಗಳಲ್ಲಿ ಎಸಿ ಅನ್ನೋದು ದೊಡ್ಡ ಆಕರ್ಷಣೆ ಆಯ್ತು. ಚಿತ್ರಮಂದಿರ ಎಂಜಿನಿಯರ್‌ಗೆ ಸುಲಭದ ಗಿರಾಕಿ. ಒಂದೇ ಹಾಲ್, ಎಲ್ಲರೂ ಒಟ್ಟಿಗೆ ಬರ್ತಾರೆ, ಒಟ್ಟಿಗೆ ಹೋಗ್ತಾರೆ. ಒಂದು ಥರ್ಮೋಸ್ಟಾಟ್ ಸಾಕು. ಹಂಚಿಕೆ ಅನ್ನೋ ಪ್ರಶ್ನೆಯೇ ಇಲ್ಲ.

ಸೂರ್ಯ ಸುತ್ತುವ ಕಟ್ಟಡ

1928ರಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿ ಮೈಲಮ್ ಬಿಲ್ಡಿಂಗ್ ಬಂತು. 21 ಮಹಡಿ. ಪೂರ್ತಿ ಎಸಿ ಇದ್ದ ಮೊದಲ ಬಹುಮಹಡಿ ಕಚೇರಿ ಕಟ್ಟಡ ಅಂತ ಅದಕ್ಕೆ ಹೆಸರು. ಇಲ್ಲಿಂದ ನಮ್ಮ ಅಸಲಿ ಕಥೆ ಶುರು.

ಕಚೇರಿ ಕಟ್ಟಡ ಚಿತ್ರಮಂದಿರದ ಹಾಗಲ್ಲ. ಬೆಳಿಗ್ಗೆ ಪೂರ್ವದ ಕೋಣೆಗೆ ಬಿಸಿಲು, ಸಂಜೆ ಪಶ್ಚಿಮದ್ದಕ್ಕೆ. ಒಂದು ಕೋಣೆಯಲ್ಲಿ ಒಬ್ಬರೇ ಕೂತು ಲೆಕ್ಕ ಬರೀತಿದ್ದಾರೆ, ಇನ್ನೊಂದರಲ್ಲಿ ಇಪ್ಪತ್ತು ಜನರ ಮೀಟಿಂಗ್. ಸುಮ್ಮನೆ ಕೂತಿರೋ ಒಬ್ಬ ಮನುಷ್ಯ ಸುಮಾರು 120 ವ್ಯಾಟ್ ಶಾಖ ಬಿಡ್ತಾನೆ. ಇಪ್ಪತ್ತು ಜನ ಅಂದ್ರೆ 2.4 ಕಿಲೋವ್ಯಾಟ್, ಮುಕ್ಕಾಲು ಟನ್ ಹತ್ತಿರ. ಮೀಟಿಂಗ್ ಮುಗಿದ ತಕ್ಷಣ ಆ ಮುಕ್ಕಾಲು ಟನ್ ಎದ್ದು ಕಾಫಿಗೆ ಹೋಗುತ್ತೆ.

ಮೊದಮೊದಲು ಇದಕ್ಕೆ ಮಾಡಿದ ಉಪಾಯಗಳನ್ನ ಕೇಳಿದ್ರೆ ಇವತ್ತು ನಗು ಬರುತ್ತೆ. ರೀಹೀಟ್ ಅಂತ ಒಂದು. ಅತಿ ಹೆಚ್ಚು ಬಿಸಿ ಇರೋ ಕೋಣೆಗೆ ಬೇಕಾದಷ್ಟು ಇಡೀ ಕಟ್ಟಡದ ಗಾಳಿಯನ್ನ ತಣ್ಣಗೆ ಮಾಡೋದು, ಆಮೇಲೆ ಉಳಿದ ಕೋಣೆಗಳ ಬಾಗಿಲಲ್ಲಿ ಅದೇ ಗಾಳಿಯನ್ನ ಮತ್ತೆ ಬಿಸಿ ಮಾಡೋದು. ಡ್ಯುಯಲ್ ಡಕ್ಟ್ ಅಂತ ಇನ್ನೊಂದು. ಬಿಸಿ ಗಾಳಿಯ ಕೊಳವೆ, ತಣ್ಣನೆ ಗಾಳಿಯ ಕೊಳವೆ, ಎರಡನ್ನೂ ಕಟ್ಟಡದ ತುಂಬ ಓಡಿಸಿ, ಪ್ರತಿ ಕೋಣೆಯಲ್ಲಿ ಬಕೆಟ್ ನೀರು ಹದ ಮಾಡಿದ ಹಾಗೆ ಬೆರೆಸೋದು. ಜನರಿಗೆ ಹಿತವಾಗಿತ್ತು, ನಿಜ. ಆದರೆ ದುಡ್ಡು ಕೊಟ್ಟು ತಂಪು ಮಾಡಿ, ಮತ್ತೆ ದುಡ್ಡು ಕೊಟ್ಟು ಅದನ್ನ ಹಾಳು ಮಾಡೋ ಪದ್ಧತಿ. ಇಂಧನ ಅಗ್ಗವಾಗಿದ್ದ ಕಾಲ, ಯಾರೂ ಕೇಳಲಿಲ್ಲ.

1973ರ ತೈಲ ಬಿಕ್ಕಟ್ಟು ಬಂತು ನೋಡಿ, ಆಗ ಕೇಳೋಕೆ ಶುರು ಮಾಡಿದ್ರು. ವಿಎವಿ ಅನ್ನೋ ಪದ್ಧತಿ ಮುಂದೆ ಬಂತು. ಗಾಳಿಯ ತಂಪು ಒಂದೇ ಇರಲಿ, ಕೋಣೆಗೆ ಹೋಗೋ ಗಾಳಿಯ ಪ್ರಮಾಣ ಬದಲಾಗಲಿ. ಡಕ್ಟ್ ಬಾಯಲ್ಲಿ ಒಂದು ತಗಡಿನ ಬಾಗಿಲು, ಕೋಣೆ ತಣ್ಣಗಾದ್ರೆ ಅದು ಮುಚ್ಚಿಕೊಳ್ಳುತ್ತೆ. ನಿಮ್ಮ ಐಟಿ ಪಾರ್ಕ್‌ನ ಫಾಲ್ಸ್ ಸೀಲಿಂಗ್ ಮೇಲೆ ಇವತ್ತಿಗೂ ಇರೋದು ಬಹುಶಃ ಇದೇ.

ಇದರ ಜೊತೆಗೇ ಬೆಳೆದದ್ದು ತಣ್ಣೀರಿನ ಪದ್ಧತಿ, ಚಿಲ್ಡ್ ವಾಟರ್. ಕೆಳಗೆ ಚಿಲ್ಲರ್ ನೀರು ತಣ್ಣಗೆ ಮಾಡುತ್ತೆ, ಪಂಪ್ ಅದನ್ನ ಮಹಡಿ ಮಹಡಿಗೆ ತಳ್ಳುತ್ತೆ. ನೀರಿಗೆ ಒಂದು ಬುದ್ಧಿ ಇದೆ, ಸುಲಭದ ದಾರಿ ಹಿಡಿಯೋದು. ಪಂಪಿಗೆ ಹತ್ತಿರ ಇರೋ ಕಾಯಿಲ್‌ಗೆ ಬೇಡ ಅಂದ್ರೂ ನೀರು, ದೂರದ್ದಕ್ಕೆ ಬೇಕು ಅಂದ್ರೂ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನ ರೈತರ ದೂರು ಇದೆಯಲ್ಲ, ಥೇಟ್ ಅದೇ.

ಇದಕ್ಕೆ ಪೈಪಿನ ಆಕಾರದಲ್ಲೇ ಒಂದು ಚಂದದ ಉತ್ತರ ಇದೆ. ನೀರು ಯಾವ ಕೋಣೆಗೆ ಮೊದಲು ಹೋಗುತ್ತೋ ಅದರ ವಾಪಸ್ ಪೈಪು ಎಲ್ಲಕ್ಕಿಂತ ಉದ್ದ ಇರಬೇಕು. ಯಾವುದಕ್ಕೆ ಕೊನೆಗೆ ಹೋಗುತ್ತೋ ಅದರ ವಾಪಸ್ ದಾರಿ ಎಲ್ಲಕ್ಕಿಂತ ಗಿಡ್ಡ. ಹೋಗೋ ದಾರಿ ಮತ್ತು ಬರೋ ದಾರಿ ಕೂಡಿಸಿದ್ರೆ ಎಲ್ಲ ಕೋಣೆಗೂ ಒಂದೇ ಉದ್ದ. ಜರ್ಮನಿಯಲ್ಲಿ ಇದನ್ನ ಟಿಶೆಲ್ಮನ್ ಪದ್ಧತಿ ಅಂತಾರೆ. ಒಂದೇ ಒಂದು ಸೆನ್ಸರ್ ಇಲ್ಲ, ಒಂದು ಸಾಲು ಕೋಡ್ ಇಲ್ಲ, ಹಂಚಿಕೆ ತಾನಾಗೇ ಸಮ. ಆದರೆ ಇದು ಸಮ ಪಾಲು ಕೊಡುತ್ತೆ, ಬೇಕಾದಷ್ಟು ಪಾಲು ಕೊಡಲ್ಲ. ಖಾಲಿ ಕೋಣೆಗೂ ತುಂಬಿದ ಕೋಣೆಗೂ ಅಷ್ಟೇ. ರೌಂಡ್ ರಾಬಿನ್ ಲೋಡ್ ಬ್ಯಾಲೆನ್ಸರ್ ಬರೆದು ಸುಸ್ತಾದವರಿಗೆ ಈ ಕಷ್ಟ ಅರ್ಥ ಆಗುತ್ತೆ.

ಜಪಾನಿನ ಇಕ್ಕಟ್ಟು

ಮುಂದಿನ ತಿರುವು ಅಮೆರಿಕದಲ್ಲಿ ಆಗಲಿಲ್ಲ, ಜಪಾನಿನಲ್ಲಿ ಆಯ್ತು. ಕಾರಣ ಜಾಗ. ಜಪಾನಿನ ನಗರಗಳಲ್ಲಿ ಚಿಕ್ಕ ಮತ್ತು ಮಧ್ಯಮ ಗಾತ್ರದ ಕಟ್ಟಡಗಳು ಹೆಚ್ಚು. ಚಿಲ್ಲರ್ ಇಡೋಕೆ ದೊಡ್ಡ ಯಂತ್ರಕೋಣೆ ಇಲ್ಲ, ಡಕ್ಟ್ ಓಡಿಸೋಕೆ ಸೀಲಿಂಗ್ ಮೇಲೆ ಎತ್ತರ ಇಲ್ಲ. ಎಣ್ಣೆ ಪೂರ್ತಿ ಆಮದು, ಹಾಗಾಗಿ 1973ರ ಪೆಟ್ಟು ಅಲ್ಲಿ ಇನ್ನೂ ಜೋರು.

1982ರಲ್ಲಿ ಒಸಾಕಾದ ಡೈಕಿನ್ ಕಂಪನಿ ಒಂದು ಹೊಸ ಪದ್ಧತಿ ತಂತು. ಹೆಸರು ವಿಆರ್‌ವಿ. ಆ ಹೆಸರು ಡೈಕಿನ್‌ನ ಟ್ರೇಡ್‌ಮಾರ್ಕ್ ಆದ್ದರಿಂದ ಉಳಿದವರೆಲ್ಲ ವಿಆರ್‌ಎಫ್ ಅಂತಾರೆ, ವಿಷಯ ಒಂದೇ. ಗಾಳಿಯನ್ನೂ ಸಾಗಿಸಬೇಡ, ನೀರನ್ನೂ ಸಾಗಿಸಬೇಡ. ಫ್ರಿಜ್‌ನೊಳಗೆ ಓಡೋ ರೆಫ್ರಿಜರೆಂಟನ್ನೇ ಕೋಣೆಕೋಣೆಗೂ ಕಳಿಸು. ಹೊರಗೆ ಒಂದು ಯಂತ್ರ, ಒಂದೇ ಜೋಡಿ ತಾಮ್ರದ ಪೈಪು, ಅದಕ್ಕೆ ಕೊಂಬೆಗಳು, ಕೊಂಬೆ ತುದಿಯಲ್ಲಿ ಕೋಣೆಯ ಕಾಯಿಲ್.

ಲೆಕ್ಕ ನೋಡಿ, ಯಾಕೆ ಇದು ಜಾಣತನ ಅಂತ. ಒಂದು ಕಿಲೋ ಗಾಳಿ 10 ಡಿಗ್ರಿ ಬಿಸಿಯಾಗುವಾಗ ಹೊರೋ ಶಾಖ ಸುಮಾರು 10 ಕಿಲೋಜೂಲ್. ಒಂದು ಕಿಲೋ ನೀರು 5 ಡಿಗ್ರಿ ಬಿಸಿಯಾದ್ರೆ ಸುಮಾರು 21. ಒಂದು ಕಿಲೋ ರೆಫ್ರಿಜರೆಂಟ್ ಕಾಯಿಲ್ ಒಳಗೆ ಕುದಿದು ಆವಿಯಾದ್ರೆ 150ರಿಂದ 200. ಅಂದ್ರೆ ಗಾಳಿಗಿಂತ ಹದಿನೈದು ಇಪ್ಪತ್ತು ಪಟ್ಟು. 8 ಟನ್ ತಂಪನ್ನ ಗಾಳಿಯಲ್ಲಿ ಸಾಗಿಸೋಕೆ ಸುಮಾರು ಒಂದೂಮುಕ್ಕಾಲು ಅಡಿ ಚೌಕದ ಡಕ್ಟ್ ಬೇಕು. ಅಷ್ಟೇ ತಂಪಿಗೆ ಇಲ್ಲಿ ಎರಡು ಪೈಪು ಸಾಕು, ದಪ್ಪದ್ದು ಸುಮಾರು 22 ಮಿಲಿಮೀಟರ್, ಸಣ್ಣದು ಸುಮಾರು 10. ಮೊಣಕೈ ಅಗಲದ ಜಾಗದಲ್ಲಿ ಕೂರುತ್ತೆ.

ಅದೇ ಕಾಲದಲ್ಲಿ ಇನ್ನೊಂದು ಕೆಲಸ ನಡೀತಿತ್ತು. ತೋಷಿಬಾ 1980-81ರಲ್ಲಿ ಇನ್ವರ್ಟರ್ ಎಸಿಯನ್ನ ಮಾರುಕಟ್ಟೆಗೆ ತಂತು. ಅಲ್ಲಿವರೆಗೆ ಕಂಪ್ರೆಸರ್‌ಗೆ ಗೊತ್ತಿದ್ದದ್ದು ಎರಡೇ, ಪೂರ್ತಿ ಓಡು ಅಥವಾ ನಿಲ್ಲು. ಇನ್ವರ್ಟರ್ ಬಂದ ಮೇಲೆ ವೇಗ ಏರಿಸಬಹುದು, ಇಳಿಸಬಹುದು. ಡೈಕಿನ್‌ನ ಕೊಂಬೆ ಪೈಪುಗಳಿಗೆ ಈ ವೇಗದ ಹಿಡಿತ ಸೇರಿದ ಮೇಲೆ ಬಹುಕೋಣೆ ಪದ್ಧತಿಗೆ ನಿಜವಾದ ಬಲ ಬಂತು.

ಪ್ರತಿ ಕೋಣೆಗೊಬ್ಬ ನೀರುಗಂಟಿ

ಈಗ ತಿರುಳಿಗೆ ಬರೋಣ. ಒಂದೇ ಪೈಪಿಗೆ ಎಂಟು ಕಾಯಿಲ್ ಕಟ್ಟಿದ್ದೀವಿ. ಯಾರಿಗೆ ಎಷ್ಟು?

ನಮ್ಮ ಕೋಲಾರ, ತುಮಕೂರು ಕಡೆ ಕೆರೆ ಅಚ್ಚುಕಟ್ಟಿನ ಊರುಗಳಲ್ಲಿ ನೀರುಗಂಟಿ ಅಂತ ಒಬ್ಬ ಇರ್ತಿದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಅನ್ನೋದು ಅವನ ಕೆಲಸ. ಗದ್ದೆ ಯಜಮಾನ ತಾನೇ ತೂಬು ಎತ್ತೋ ಹಾಗಿಲ್ಲ. ನೀರುಗಂಟಿ ಮಣ್ಣು ನೋಡ್ತಾನೆ, ಬೆಳೆ ನೋಡ್ತಾನೆ, ನೀರು ಬದು ಮೀರಿ ಹರಿದು ಹಾಳಾಗೋಕೆ ಮುಂಚೆ ಮುಚ್ತಾನೆ.

ವಿಆರ್‌ಎಫ್‌ನಲ್ಲಿ ಪ್ರತಿ ಕೋಣೆಯ ಕಾಯಿಲ್ ಮುಂದೆ ಇಂಥ ಒಬ್ಬ ನೀರುಗಂಟಿ ಇದ್ದಾನೆ. ಹೆಸರು ಎಲೆಕ್ಟ್ರಾನಿಕ್ ಎಕ್ಸ್‌ಪಾನ್ಷನ್ ವಾಲ್ವ್. ಸೂಜಿಯಂಥ ಒಂದು ಮೊನೆ, ಅದನ್ನ ಮೇಲೆ ಕೆಳಗೆ ಸರಿಸೋ ಸ್ಟೆಪ್ಪರ್ ಮೋಟರ್. ಪೂರ್ತಿ ಮುಚ್ಚಿದಲ್ಲಿಂದ ಪೂರ್ತಿ ತೆರೆಯೋಕೆ ಸಾಮಾನ್ಯವಾಗಿ ನೂರಾರು ಹೆಜ್ಜೆ. ಅಷ್ಟು ಸೂಕ್ಷ್ಮ ಹಿಡಿತ.

ಇವನು ನೋಡೋದು ಏನನ್ನ? ಕೋಣೆಯ ಉಷ್ಣತೆ ಮಾತ್ರ ಅಲ್ಲ. ಕಾಯಿಲ್‌ನ ಒಳಬಾಯಿಯಲ್ಲಿ ಒಂದು ಸೆನ್ಸರ್, ಹೊರಬಾಯಿಯಲ್ಲಿ ಒಂದು. ದ್ರವ ಕಾಯಿಲ್ ಒಳಗೆ ಕುದಿಯುವಷ್ಟು ಹೊತ್ತೂ ಅದರ ಉಷ್ಣತೆ ಹೆಚ್ಚುಕಮ್ಮಿ ಒಂದೇ ಇರುತ್ತೆ. ಪೂರ್ತಿ ಆವಿಯಾದ ಮೇಲಷ್ಟೇ ಏರೋಕೆ ಶುರು. ಆ ಏರಿಕೆಗೆ ಸೂಪರ್‌ಹೀಟ್ ಅಂತಾರೆ. ಅದು 5 ಡಿಗ್ರಿ ಆಸುಪಾಸು ಇದ್ರೆ ಕಾಯಿಲ್‌ನ ಬಹುಭಾಗ ಕೆಲಸ ಮಾಡ್ತಿದೆ ಅಂತ ಅರ್ಥ. 12 ಆಯ್ತು ಅಂದ್ರೆ ದ್ರವ ಅರ್ಧದಲ್ಲೇ ಮುಗಿದುಹೋಗಿದೆ, ಉಳಿದರ್ಧ ಕಾಯಿಲ್ ಒಣಗಿದೆ, ವಾಲ್ವ್ ತೆರೀಬೇಕು. ಸೊನ್ನೆ ಆಯ್ತು ಅಂದ್ರೆ ಕುದಿಯದೇ ಉಳಿದ ದ್ರವ ಆಚೆ ಹೊರಟಿದೆ. ಅದು ಕಂಪ್ರೆಸರ್‌ಗೆ ಹೋದ್ರೆ ಅಪಾಯ. ಆವಿಯನ್ನ ಹಿಂಡಬಹುದು, ದ್ರವವನ್ನ ಹಿಂಡೋಕಾಗಲ್ಲ, ಯಂತ್ರ ಮುರಿಯುತ್ತೆ. ಗದ್ದೆ ಒಣಗಲೂಬಾರದು, ಬದು ಮೀರಲೂಬಾರದು.

ಮೀಟಿಂಗ್ ರೂಮಿಗೆ ಇಪ್ಪತ್ತು ಜನ ಬಂದ್ರು ಅಂತ ಇಟ್ಕೊಳ್ಳಿ. ಕೋಣೆ ಬಿಸಿಯಾಯ್ತು, ಕಾಯಿಲ್ ಒಳಗೆ ದ್ರವ ಬೇಗ ಕುದೀತು, ಸೂಪರ್‌ಹೀಟ್ ಏರ್ತು. ಆ ಕೋಣೆಯ ವಾಲ್ವ್ ತೆರೆದುಕೊಳ್ತು. ಆವಿ ಹೆಚ್ಚಾಯ್ತು, ವಾಪಸ್ ಬರೋ ಪೈಪಿನ ಒತ್ತಡ ಸ್ವಲ್ಪ ಏರ್ತು. ಮೇಲಿರೋ ಯಂತ್ರಕ್ಕೆ ಮೀಟಿಂಗ್ ರೂಮಿನ ವಿಷಯ ಒಂದೂ ಗೊತ್ತಿರಬೇಕಾಗಿಲ್ಲ. ಅದು ಆ ಒತ್ತಡ ನೋಡಿ ಕಂಪ್ರೆಸರ್ ವೇಗ ಏರಿಸುತ್ತೆ. ಒತ್ತಡ ಹಿಂದಿನ ಮಟ್ಟಕ್ಕೆ ಇಳಿಯುತ್ತೆ, ಪಕ್ಕದ ಕೋಣೆಗಳಿಗೆ ಏನೂ ಆಗಿಲ್ಲ ಅನ್ನೋ ಹಾಗೆ.

ಎಲ್ಲರೂ ಒಂದೇ ಪೈಪಿನ ಒತ್ತಡವನ್ನ ಓದಿ, ತಮ್ಮ ಪಾಡಿಗೆ ತಾವು ತೀರ್ಮಾನ ಮಾಡೋ ವ್ಯವಸ್ಥೆ ಇದು. ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಗೊತ್ತಿರೋರಿಗೆ ಇದರ ಕಾಯಿಲೆಯೂ ಗೊತ್ತು. ಎಂಟು ವಾಲ್ವ್‌ಗಳು ಒಟ್ಟಿಗೆ ತೆರೆದು, ಕಂಪ್ರೆಸರ್ ಅತಿಯಾಗಿ ಓಡಿ, ಆಮೇಲೆ ಎಲ್ಲ ಒಟ್ಟಿಗೆ ಮುಚ್ಚಿ, ಹೀಗೆ ತೂಗಾಡೋಕೆ ಶುರುವಾದ್ರೆ ಕಥೆ ಮುಗೀತು. ಎಂಜಿನಿಯರ್‌ಗಳು ಇದನ್ನ ಹಂಟಿಂಗ್ ಅಂತಾರೆ. ಆಟೋಸ್ಕೇಲರ್ ನಿಮಿಷಕ್ಕೊಮ್ಮೆ ಸರ್ವರ್ ಏರಿಸಿ ಇಳಿಸಿ ಒದ್ದಾಡುತ್ತಲ್ಲ, ಅದೇ. ಅದಕ್ಕೇ ಒಂದು ಹಿಡಿತ ವೇಗವಾಗಿ, ಇನ್ನೊಂದು ನಿಧಾನವಾಗಿ ಓಡೋ ಹಾಗೆ ಮಾಡ್ತಾರೆ. ಎರಡೂ ಒಂದೇ ತಾಳದಲ್ಲಿ ಓಡಿದ್ರೆ ಜಗಳ ತಪ್ಪಿದ್ದಲ್ಲ.

ಒಬ್ಬ 18ಕ್ಕೆ ಇಟ್ಟರೆ

ಈ ಪದ್ಧತಿಗೆ ಒಂದು ಮಿತಿ ಇದೆ, ಅದನ್ನ ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕಲ್ಲ. ಎಲ್ಲ ಕೋಣೆಯ ವಾಪಸ್ ಪೈಪು ಒಂದೇ ಆದ್ದರಿಂದ ಎಲ್ಲ ಕಾಯಿಲ್‌ಗಳೂ ಹೆಚ್ಚುಕಮ್ಮಿ ಒಂದೇ ಉಷ್ಣತೆಯಲ್ಲಿ ಕುದಿಯಬೇಕು. ಆ ಉಷ್ಣತೆ ಎಷ್ಟಿರಬೇಕು ಅನ್ನೋದನ್ನ ತೀರ್ಮಾನ ಮಾಡೋದು ಅತಿ ಹೆಚ್ಚು ಹಸಿದಿರೋ ಕೋಣೆ.

ಈಚಿನ ಯಂತ್ರಗಳು ಲೋಡ್ ಕಮ್ಮಿ ಇದ್ದಾಗ ಕಾಯಿಲ್ ಉಷ್ಣತೆಯನ್ನ ಬೇಕಂತಲೇ ಮೇಲಕ್ಕೆ ಬಿಡ್ತಾವೆ. ಒಂದು ಡಿಗ್ರಿ ಮೇಲಕ್ಕೆ ಬಿಟ್ರೆ ಕಂಪ್ರೆಸರ್‌ನ ವಿದ್ಯುತ್ತು ಸುಮಾರು ಶೇಕಡಾ 2ರಿಂದ 3 ಉಳಿಯುತ್ತೆ ಅನ್ನೋದು ಈ ಕ್ಷೇತ್ರದ ರೂಢಿ ಲೆಕ್ಕ. ಈಗ ಏಳು ಕೋಣೆಯವರು 25ಕ್ಕೆ ಇಟ್ಟು ಹಾಯಾಗಿದ್ದಾರೆ, ಎಂಟನೆಯವರು 18ಕ್ಕೆ ಇಟ್ಟು ಕಿಟಕಿ ತೆರೆದಿದ್ದಾರೆ. ಆ ಒಂದು ಕೋಣೆಗಾಗಿ ಇಡೀ ಪೈಪಿನ ಉಷ್ಣತೆ ಕೆಳಗಿಳಿಯುತ್ತೆ. ಉಳಿದವರ ವಾಲ್ವ್‌ಗಳು ಮುಚ್ಚಿಕೊಂಡು ಅವರವರ ಕೋಣೆಯನ್ನ ಕಾಪಾಡುತ್ವೆ, ಚಳಿ ಆಗಲ್ಲ. ಬಿಲ್ ಮಾತ್ರ ಎಲ್ಲರ ಹೆಸರಲ್ಲಿ ಏರುತ್ತೆ. ಬಾಡಿಗೆ ಕಚೇರಿಗಳಲ್ಲಿ, ಪಿಜಿಗಳಲ್ಲಿ ಎಸಿ ಬಿಲ್ ಹಂಚಿಕೊಳ್ಳೋ ಜಗಳದ ಹಿಂದೆ ಈ ಕಾರಣವೂ ಇರಬಹುದು.

ಒಬ್ಬರ ಕಸ ಇನ್ನೊಬ್ಬರ ಊಟ

ಇನ್ನೊಂದು ಹೆಜ್ಜೆ ಇದೆ, ನನಗೆ ತುಂಬಾ ಇಷ್ಟವಾದದ್ದು. ಜನವರಿಯ ದೆಹಲಿ. ಕ್ಯಾಬಿನ್‌ನಲ್ಲಿ ಕೂತೋರಿಗೆ ಚಳಿ, ಸರ್ವರ್ ರೂಮಿಗೆ ಮಾತ್ರ ತಂಪು ಬೇಕು. ಹಳೆ ಪದ್ಧತಿಯಲ್ಲಿ ಸರ್ವರ್ ರೂಮಿನ ಶಾಖವನ್ನ ಟೆರೇಸ್ ಮೇಲೆ ಚೆಲ್ಲಿ, ಕ್ಯಾಬಿನ್‌ಗೆ ಬೇರೆ ಹೀಟರ್ ಹಾಕಬೇಕು.

ಹೀಟ್ ರಿಕವರಿ ಅನ್ನೋ ವಿಆರ್‌ಎಫ್ ಒಂದು ಕೋಣೆಯ ಶಾಖವನ್ನ ಇನ್ನೊಂದು ಕೋಣೆಗೆ ಒಯ್ಯುತ್ತೆ. ಸರ್ವರ್ ರೂಮಿನಿಂದ 10 ಕಿಲೋವ್ಯಾಟ್ ತೆಗೆದ್ವಿ ಅಂತ ಇಟ್ಕೊಳ್ಳಿ. ಕಂಪ್ರೆಸರ್ ತಿಂದ ವಿದ್ಯುತ್ತು 3, ಅದೂ ಶಾಖವಾಗಿ ಸೇರುತ್ತೆ. ಒಟ್ಟು 13. ಕ್ಯಾಬಿನ್‌ಗಳಿಗೆ ಬೇಕಾದದ್ದು 8. ಉಳಿದ 5 ಮಾತ್ರ ಹೊರಗಿನ ಕಾಯಿಲ್ ಆಚೆ ಹಾಕಬೇಕು. ಕ್ಯಾಬಿನ್‌ಗಳಿಗೆ 13 ಬೇಕಾಗಿದ್ರೆ ಹೊರಗಿನ ಕಾಯಿಲ್‌ಗೆ ಕೆಲಸವೇ ಇಲ್ಲ. ಅದಕ್ಕಿಂತ ಹೆಚ್ಚು ಬೇಕಾದ್ರೆ ಹೊರಗಿನ ಕಾಯಿಲ್ ತಿರುಗಿಬಿದ್ದು, ಚಳಿಗಾಳಿಯಿಂದಲೇ ಶಾಖ ಹೀರಿ ತರುತ್ತೆ.

ಅಂದ್ರೆ ಹೊರಗಿನ ಹೀಟ್ ಎಕ್ಸ್‌ಚೇಂಜರ್‌ನ ಕೆಲಸ ಜಮಾ ಖರ್ಚಿನ ವ್ಯತ್ಯಾಸ ತೀರಿಸೋದು ಅಷ್ಟೇ. ತಿಂಗಳ ಕೊನೆಗೆ ರೂಮ್‌ಮೇಟ್‌ಗಳು ಒಬ್ಬರಿಗೊಬ್ಬರು ಬಾಕಿ ಹೊಡೆದುಹಾಕಿ, ಉಳಿದ ವ್ಯತ್ಯಾಸ ಮಾತ್ರ ಯುಪಿಐ ಮಾಡ್ತಾರಲ್ಲ, ಹಾಗೆ. ಆ ವ್ಯತ್ಯಾಸ ದಿನವಿಡೀ ಬದಲಾಗ್ತಾ ಇರುತ್ತೆ. ಅದಕ್ಕೇ ಹೊರಗಿನ ಕಾಯಿಲ್‌ನ್ನ ಭಾಗ ಮಾಡಿ, ಬೇಕಾದಷ್ಟು ಭಾಗಕ್ಕೆ ಮಾತ್ರ ಕೆಲಸ ಕೊಡೋ ವಾಲ್ವ್‌ಗಳನ್ನ ಹಾಕ್ತಾರೆ, ಫ್ಯಾನ್ ವೇಗವನ್ನೂ ಬದಲಿಸ್ತಾರೆ.

ಫ್ಲ್ಯಾಟ್ ಕೊಳ್ಳೋರಿಗೆ

ಈಗ ನಮ್ಮ ಜೇಬಿಗೆ ಬರೋಣ. ಪುಣೆ, ಹೈದರಾಬಾದ್, ಗುರುಗ್ರಾಮದ ದೊಡ್ಡ ಫ್ಲ್ಯಾಟ್‌ಗಳಲ್ಲಿ "ವಿಆರ್‌ಎಫ್ ಅಳವಡಿಸಿದೆ" ಅಂತ ಹೆಮ್ಮೆಯಿಂದ ಹೇಳ್ತಾರೆ. ಇಲ್ಲಿ ಒಂದು ಓವರ್‌ಕಮಿಟ್ ಇದೆ, ಕ್ಲೌಡ್ ಕಂಪನಿಗಳು ಮಾಡೋ ಹಾಗೆ. ಒಳಗಿನ ಎಲ್ಲ ಯೂನಿಟ್‌ಗಳ ಒಟ್ಟು ಟನ್ ಹೊರಗಿನ ಯಂತ್ರದ ಟನ್‌ಗಿಂತ ಹೆಚ್ಚಿರಬಹುದು. ಸಾಮಾನ್ಯವಾಗಿ ಶೇಕಡಾ 130ರವರೆಗೆ. ಎಲ್ಲ ಕೋಣೆಯೂ ಒಟ್ಟಿಗೆ ಕೇಳಲ್ಲ ಅನ್ನೋ ನಂಬಿಕೆ ಅದರ ಹಿಂದಿದೆ. ಕಚೇರಿಯಲ್ಲಿ ಆ ನಂಬಿಕೆ ಸರಿ. ಪೂರ್ವದ ಕೋಣೆಗೆ ಬೇಕಾದ ಹೊತ್ತಿಗೆ ಪಶ್ಚಿಮದ್ದಕ್ಕೆ ಬೇಡ.

ಮನೆಯಲ್ಲಿ? ಹಾಲ್‌ಗೆ 2 ಟನ್, ಮೂರು ಬೆಡ್‌ರೂಮಿಗೆ ತಲಾ ಒಂದೂವರೆ. ಒಟ್ಟು 6.5. ಹೊರಗಿನ ಯಂತ್ರ 5 ಟನ್. ರಾತ್ರಿ ಹಾಲ್ ಆರಿಸಿ ಮಲಗಿದ್ರೆ 4.5, ತೊಂದರೆ ಇಲ್ಲ. ಮೇ ತಿಂಗಳ ಸಂಜೆ ಊರಿಂದ ಅಪ್ಪ ಅಮ್ಮ, ಅಕ್ಕನ ಮಕ್ಕಳು ಬಂದಿದ್ದಾರೆ, ನಾಲ್ಕೂ ಕಡೆ ಹಾಕಿದ್ದೀರಿ. ಹೊರಗೆ 43 ಡಿಗ್ರಿ. ಯಂತ್ರದ ಮೇಲೆ ಬರೆದ 5 ಟನ್ ಹೊರಗೆ 35 ಡಿಗ್ರಿ ಇದ್ದಾಗಿನ ಲೆಕ್ಕ. ಬಿಸಿ ಏರಿದ ಹಾಗೆ ಸಾಮರ್ಥ್ಯ ಇಳಿಯುತ್ತೆ. ಶೇಕಡಾ 10 ಇಳೀತು ಅಂದ್ಕೊಂಡ್ರೂ ಕೈಗೆ ಸಿಗೋದು 4.5. ಕೇಳ್ತಿರೋದು 6.5. ಪ್ರತಿ ಕೋಣೆಗೂ ಕೇಳಿದ್ದರ ಶೇಕಡಾ 70ರಷ್ಟು. ಯಂತ್ರದಿಂದ ಅತಿ ದೂರ ಇರೋ ಕೋಣೆಗೆ ಅದಕ್ಕಿಂತಲೂ ಕಮ್ಮಿ ಆಗಬಹುದು. ಆ ದೂರದ ಕೋಣೆಯನ್ನ ಸಾಮಾನ್ಯವಾಗಿ ಅಪ್ಪ ಅಮ್ಮನಿಗೇ ಕೊಟ್ಟಿರ್ತೀವಿ.

ಉಲ್ಟಾ ಸಮಸ್ಯೆಯೂ ಇದೆ. ನೀವೊಬ್ಬರೇ ಒಂದು ಕೋಣೆಯಲ್ಲಿ ಮಲಗಿದ್ದೀರಿ, ಬೇಕಾದದ್ದು ಅರ್ಧ ಟನ್. ಯಂತ್ರ ಎಷ್ಟೇ ನಿಧಾನ ಓಡಿದ್ರೂ ಒಂದು ಟನ್‌ಗಿಂತ ಕೆಳಗೆ ಇಳಿಯಲ್ಲ ಅನ್ನೋದಾದ್ರೆ, ಅದು ಓಡಿ ನಿಂತು ಓಡಿ ನಿಂತು ಮಾಡುತ್ತೆ. ಇನ್ವರ್ಟರ್‌ಗೆ ಕೊಟ್ಟ ದುಡ್ಡಿನ ಲಾಭ ರಾತ್ರಿ ಹೊತ್ತು ಅಷ್ಟಾಗಿ ಸಿಗಲ್ಲ. ಇನ್ನು ಎಲ್ಲ ಕೋಣೆಗೂ ಒಂದೇ ಸರ್ಕ್ಯೂಟ್ ಆದ್ದರಿಂದ ಒಂದು ಕಡೆ ಲೀಕ್ ಆದ್ರೆ ಇಡೀ ಮನೆ ಬಂದ್.

ಹಾಗಾಗಿ ಕೇಳಬೇಕಾದದ್ದು ಇಷ್ಟು. ಒಳಗಿನ ಒಟ್ಟು ಟನ್‌ಗೂ ಹೊರಗಿನ ಟನ್‌ಗೂ ಅನುಪಾತ ಎಷ್ಟು? ನಮ್ಮ ಊರಿನ ಮೇ ತಿಂಗಳ ಉಷ್ಣತೆಯಲ್ಲಿ ಯಂತ್ರ ಎಷ್ಟು ಕೊಡುತ್ತೆ? ಕನಿಷ್ಠ ಎಷ್ಟಕ್ಕೆ ಇಳಿಯುತ್ತೆ? ಅತಿ ದೂರದ ಕೋಣೆಗೆ ಪೈಪು ಎಷ್ಟು ಮೀಟರ್? ಈ ನಾಲ್ಕಕ್ಕೆ ಕಾಗದದ ಮೇಲೆ ಉತ್ತರ ಸಿಗದಿದ್ರೆ, ಕೋಣೆಗೊಂದು ಸಾಧಾರಣ ಸ್ಪ್ಲಿಟ್ ಎಸಿ ಹಾಕಿಸೋದು ತಪ್ಪೇನಲ್ಲ.

ವಾಲ್ವ್‌ಗೆ ಗೊತ್ತಿಲ್ಲದ ಒಂದು ವಿಷಯ

ನೀರುಗಂಟಿ ಎಷ್ಟೇ ನಿಯತ್ತಿನವನಾದ್ರೂ, ಗದ್ದೆಗೆ ಎಷ್ಟು ಬೇಕು ಅನ್ನೋ ಅಂದಾಜೇ ತಪ್ಪಿದ್ರೆ ಹಂಚಿಕೆಯೂ ತಪ್ಪುತ್ತೆ. ಕಚೇರಿಗೆ ಎಷ್ಟು ಡಿಗ್ರಿ ಹಿತ ಅನ್ನೋ ಲೆಕ್ಕಕ್ಕೆ ಬುನಾದಿ ಹಾಕಿದ್ದು ಡೆನ್ಮಾರ್ಕಿನ ಓಲೆ ಫ್ಯಾಂಗರ್, 1970ರ ಹೊತ್ತಿಗೆ. 2015ರಲ್ಲಿ ನೆದರ್‌ಲೆಂಡ್ಸ್‌ನ ಇಬ್ಬರು ಸಂಶೋಧಕರು, ಕಿಂಗ್ಮಾ ಮತ್ತು ವಾನ್ ಮಾರ್ಕೆನ್ ಲಿಖ್ಟೆನ್‌ಬೆಲ್ಟ್, ಆ ಲೆಕ್ಕದಲ್ಲಿ ಬಳಸೋ ದೇಹಶಾಖದ ಅಂಕಿ ಒಬ್ಬ ಸರಾಸರಿ ಗಂಡಸಿನದು, ಹೆಂಗಸರ ಮಟ್ಟಿಗೆ ಅದು ಶೇಕಡಾ 35ರವರೆಗೂ ಹೆಚ್ಚಾಗಿರಬಹುದು ಅಂತ ತೋರಿಸಿದ್ರು. ಆಫೀಸಿನಲ್ಲಿ ಶಾಲು ಹೊದ್ದು ಕೂತೋರು ಯಾರು ಅಂತ ಒಮ್ಮೆ ತಿರುಗಿ ನೋಡಿ. ನಮ್ಮಲ್ಲಿ ಅಹಮದಾಬಾದಿನ ಸಿಇಪಿಟಿ ವಿಶ್ವವಿದ್ಯಾಲಯದವರು ಐದು ಹವಾಮಾನ ವಲಯಗಳ ಕಚೇರಿಗಳಲ್ಲಿ ಜನರನ್ನೇ ಕೇಳಿ, ಭಾರತೀಯರಿಗೆ ಆ ಮಾದರಿ ಹೇಳೋದಕ್ಕಿಂತ ಹೆಚ್ಚಿನ ಉಷ್ಣತೆಯೂ ಹಿತವಾಗೇ ಇರುತ್ತೆ ಅಂತ ಕಂಡುಕೊಂಡರು. 2020ರ ಜನವರಿಯಿಂದ ನಮ್ಮ ದೇಶದಲ್ಲಿ ಮಾರೋ ರೂಮ್ ಎಸಿಗಳು ಆನ್ ಮಾಡಿದಾಗ 24ಕ್ಕೆ ಶುರುವಾಗಬೇಕು ಅನ್ನೋ ನಿಯಮವೂ ಬಂದಿದೆ.

ಟ್ಯೂಡರ್‌ನ ಮಂಜುಗಡ್ಡೆಯಿಂದ ಸ್ಟೆಪ್ಪರ್ ಮೋಟರ್‌ವರೆಗೆ ಬಂದ್ವಿ. ಯಂತ್ರದ ಕಡೆಯಿಂದ ಹಂಚಿಕೆ ಬಹಳ ಮಟ್ಟಿಗೆ ಸರಿಹೋಗಿದೆ. ಸೆಟ್‌ಪಾಯಿಂಟ್ ಯಾರ ಕೈಯಲ್ಲಿದೆ ಅನ್ನೋದು ಮಾತ್ರ ಇನ್ನೂ ಮನುಷ್ಯರ ನಡುವಿನ ವ್ಯವಹಾರ. ನಿಮ್ಮ ಆಫೀಸಿನ ರಿಮೋಟ್ ಯಾರ ಡ್ರಾಯರ್‌ನಲ್ಲಿದೆ ಅಂತ ಕಾಮೆಂಟ್‌ನಲ್ಲಿ ಹೇಳಿ, ಹೆಸರು ಬೇಡ, ಹುದ್ದೆ ಸಾಕು.

ಮುಂದಿನ ವಿಡಿಯೋದಲ್ಲಿ ಲಿಫ್ಟ್‌ಗಳ ಬಗ್ಗೆ ಮಾತಾಡೋಣ. ನಾಲ್ಕು ಲಿಫ್ಟ್ ಇದ್ರೂ ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಮಹಡಿಗೆ ಒಂದೂ ಯಾಕೆ ಬರಲ್ಲ ಅಂತ. ಅಲ್ಲೀವರೆಗೆ, ನಮಸ್ಕಾರ.